ಸೋಮವಾರದ ಇಸವಾಣ

ಈಳಿಗೆಯ ಮುಂದೆ ಕೂತು ಲತಾ ಅರ್ಧ ಬಂಗಡೆ ಮುಗಿಸಿದ್ದಳು. ಉಳಿದವು ಬೋಗುಣಿಯಲ್ಲಿ ಕಣ್ಣು ಬಿಟ್ಟುಕೊಂಡು ಬಿದ್ದಿದ್ದವು. ಉಪ್ಪಿನ ಭರಣಿಗೆ ಆನಿಸಿಟ್ಟ ಮೊಬೈಲಿನಲ್ಲಿ ಮಾದೇವಿ ಕಿರುಚುತ್ತಿದ್ದಳು.

ಹೊಟ್ಟೆಯಾಳದಿಂದ ಎದ್ದು ಬರುವ, ನಾಚಿಕೆ ಅರಿಯದ ಕೂಗು. ಗಾಡಿ ಕೊನೆಯ ತಿರುವು ಸುತ್ತಿ ನಿಂತ ಮೇಲೆ ಏದುಸಿರಿನ ನಡುವೆ ಅವಳ ಮಾತು ಕೇಳಿತು.

"ಇದ್ ಬಂಗಡೆ. ಚಲೋ ಅದೆ, ಇಲ್ಲ ಅನ್ನುಕಾಗ. ಆದ್ರೆ ಎರಡನೇ ತಿರುವಿಗೆ ಮುಳ್ಳು ಸಿಕ್ತು. ಸೊಂಟ ಹಿಡಿದವ್ರು ಹತ್ತಬೇಡಿ."

ಲತಾ ಕಿರುಬೆರಳಿನಿಂದ ಮುಂದಿನ ವಿಡಿಯೋಗೆ ಜಾರಿಸಿದಳು. ಗಾಜಿನ ಮೇಲೆ ಮೀನಿನ ನೀರು ಉಳಿಯಿತು.

ಅಂಕೋಲೆಯ ಮೀನು ಪೇಟೆಯಲ್ಲಿ ಬುಟ್ಟಿ ಇಟ್ಟು ಕೂರುವ ಮಾದೇವಿ ಕಾಣದಾಗಿ ಮೂರನೇ ವಾರ. ಕಾಣೆಯಾಗಿದ್ದಾಳೆ ಎಂದು ಠಾಣೆಗೆ ಬಂದು ಹೇಳಿದವಳು ಪಕ್ಕದಲ್ಲಿ ಕೂರುವ ಗಂಗೂ ಒಬ್ಬಳೇ. ಮಾದೇವಿಯ ಅಣ್ಣ ದತ್ತಾ ಮಾತ್ರ ನಗುತ್ತ, ತಂಗಿ ಪ್ರವಾಸಕ್ಕೆ ಹೋಗಿದ್ದಾಳೆ, ಬೇಕಿದ್ದರೆ ಮೊಬೈಲಿನಲ್ಲಿ ನೋಡಿಕೊಳ್ಳಿ ಎಂದಿದ್ದ.

ಅವನ ಮಾತನ್ನು ತಳ್ಳಿಹಾಕುವಂತೆಯೂ ಇರಲಿಲ್ಲ. ಮಾದೇವಿಯ ಪ್ರವಾಸದ ಹುಚ್ಚು ಊರಿಗೇ ಗೊತ್ತಿತ್ತು. ಗಂಡ ಸತ್ತ ಮೇಲೆ ಒಮ್ಮೆ ಸ್ವಸಹಾಯ ಸಂಘದ ಹೆಂಗಸರ ಜೊತೆ ಬೆಂಗಳೂರಿನ ಹೊರಗಿನ ಪಾರ್ಕಿಗೆ ಹೋಗಿದ್ದಳು. ಉಳಿದವರು ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದರೆ ಇವಳು ರೋಲರ್ ಕೋಸ್ಟರ್ ಹತ್ತಿದಳು. ಇಳಿದವಳೇ ಮತ್ತೆ ಸಾಲಿನಲ್ಲಿ ನಿಂತಳು. ಬಸ್ಸು ಹೊರಡುವ ತನಕ ಅವಳನ್ನು ಅಲ್ಲಿಂದ ಕದಲಿಸಲು ಆಗಲಿಲ್ಲವಂತೆ.

ಅಂದಿನಿಂದ ಮುಂಬೈ ಕಡೆಯದು, ಕೊಚ್ಚಿಯದು, ಹೈದರಾಬಾದಿನದು, ಒಂದನ್ನೂ ಬಿಟ್ಟವಳಲ್ಲ. ರೋಲರ್ ಕೋಸ್ಟರಿಗೆ ಅವಳಿಟ್ಟ ಹೆಸರು ಹಾವುಗಾಡಿ. ಹಳೆಯ ಲಂಗದ ಬಟ್ಟೆಯಲ್ಲಿ ಚೀಲ ಹೊಲಿದು, ತೂತು ಮಾಡಿ, ಮೊಬೈಲನ್ನು ಎದೆಗೆ ಕಟ್ಟಿಕೊಂಡು ಹತ್ತುತ್ತಿದ್ದಳು. ಇಳಿದ ಮೇಲೆ ಗಾಡಿಗೆ ಮೀನಿನ ಲೆಕ್ಕದಲ್ಲಿ ಬೆಲೆ ಕಟ್ಟುತ್ತಿದ್ದಳು. ಸಪ್ಪೆಯಾದದ್ದು ತಾರ್ಲೆ. ಪರವಾಗಿಲ್ಲ ಎನ್ನುವಂಥದ್ದು ಬಂಗಡೆ. ಅದರ ಮೇಲೆ ಪಾಂಪ್ಲೆಟ್. ಎಲ್ಲಕ್ಕಿಂತ ಮೇಲೆ ಇಸವಾಣ, ಅದು ಸುಮ್ಮನೆ ಯಾರಿಗೂ ಸಿಗುತ್ತಿರಲಿಲ್ಲ. ದತ್ತಾನ ಮಗಳು ಪ್ರಗತಿ ಆ ವಿಡಿಯೋಗಳನ್ನೆಲ್ಲ ಜೋಡಿಸಿ ಮಾದೇವಿಯ ಹೆಸರಿನ ಪುಟಕ್ಕೆ ಹಾಕುತ್ತಿದ್ದಳು. ಎಲ್ಲೆಲ್ಲಿಯದೋ ಜನ ನೋಡುತ್ತಿದ್ದರು.

ಪೇಟೆಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಈ ವಯಸ್ಸಿಗೆ ಚೂಡಿದಾರ ತೊಟ್ಟು ಕೂಗುಕೆ ಅಷ್ಟು ದೂರ ಹೋಗಬೇಕಾ ಎಂದು. ಲತಾ ಒಮ್ಮೆ ಮೀನು ಕೊಳ್ಳುತ್ತ ಅದನ್ನೇ ಸ್ವಲ್ಪ ಮೆತ್ತಗೆ ಕೇಳಿದ್ದಳು. ಮಾದೇವಿ ತಕ್ಕಡಿಯಿಂದ ಕಣ್ಣೆತ್ತದೆ ಹೇಳಿದ್ದಳು.

"ಮನೇಲಿ ಕೂಗಿದ್ರೆ ನೆರೆಮನೆಯವ್ರು ಓಡಿ ಬತ್ತರು, ಎಂತಾ ಆಯ್ತು ಕೇಳ್ತರು. ಎಂತಾ ಹೇಳೂದು ಅಕ್ಕೋರೆ? ಅಲ್ಲಿ ಯಾರೂ ಕೇಳೂದಿಲ್ಲ."

ಆ ಮಾತು ಲತಾಳ ತಲೆಯಲ್ಲಿ ಹಾಗೇ ಉಳಿದಿತ್ತು. ಎಎಸ್‌ಐ ಆಗಿ ಅವಳು ದಿನವೂ ಬೇರೆಯವರ ಕೂಗು ಕೇಳಿಸಿಕೊಂಡು ಬರೆದುಕೊಳ್ಳುವವಳು. ತಾನು ಕೊನೆಯ ಸಲ ದನಿ ಎತ್ತಿದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ಹೋಗಿ, ದಣಿವಾಗಿ, ಬಿಟ್ಟಿದ್ದಳು.

ಮಾದೇವಿ ಹೋದ ಮೇಲಿನ ಪೋಸ್ಟುಗಳಲ್ಲಿ ವಿಡಿಯೋ ಇರಲಿಲ್ಲ. ಬರೀ ಫೋಟೋ, ಕೆಳಗೆ ಒಂದು ಸಾಲು. ನಿನ್ನೆ ಬಂದ, ಎಲ್ಲಕ್ಕಿಂತ ಹೊಸದರಲ್ಲಿ ಹೈದರಾಬಾದಿನ ಗಾಡಿಯ ಫೋಟೋ ಹಾಕಿ "ಇಂದು ಹತ್ತಿದ್ದು. ಇಸವಾಣ" ಎಂದು ಬರೆದಿತ್ತು.

ಗಂಡ ಮಂಗೇಶ ಅಡುಗೆಮನೆಗೆ ಇಣುಕಿ, ನಿನ್ನೆಯಂತೂ ಬಸಳೆ ಸಾರಿನಲ್ಲೇ ಊಟ ಆಯಿತು, ಇವತ್ತಾದರೂ ಆಫೀಸಿಗೆ ಹೊರಡುವ ಮೊದಲು ಮೀನು ಆದೀತಾ ಎಂದ.

ಆದೀತು ಎಂದಳು. ಹೇಳಿದ ಮೇಲೆ ಅವಳ ಕೈ ನಿಂತಿತು.

ನಿನ್ನೆ ಸೋಮವಾರ. ಸೋಮವಾರ ಈ ಮನೆಯಲ್ಲಿ ಮೀನಿಲ್ಲ. ಮಾದೇವಿಯ ಮನೆಯಲ್ಲೂ ಇಲ್ಲ. ಮಾದೇವಿ ಸೋಮವಾರ ಮೀನು ಮಾರುತ್ತಾಳೆ, ಬಾಯಿಗೆ ಮಾತ್ರ ಹಾಕುವುದಿಲ್ಲ. ತಿನ್ನದ ದಿನ ರುಚಿಯ ಮಾತು ಎತ್ತಬಾರದು ಎಂಬುದು ಅವಳದೇ ನೇಮ.

ಲತಾ ಕಿರುಬೆರಳಿನಿಂದಲೇ ಹಳೆಯ ವಿಡಿಯೋಗಳನ್ನು ಸರಿಸುತ್ತ ಹೋದಳು. ಸೋಮವಾರ ಹತ್ತಿದ ಗಾಡಿಗಳು ಸಿಕ್ಕವು. ಕೊಚ್ಚಿಯದಕ್ಕೆ ಹೀರೇಕಾಯಿ. ಮುಂಬೈಯದಕ್ಕೆ ಅಲಸಂದೆ. ಒಂದಕ್ಕಂತೂ, ಇಳಿದು ಕುಣಿಯುವಷ್ಟು ಖುಷಿಯಲ್ಲಿದ್ದರೂ, "ಇವತ್ತು ಸೋಮವಾರ, ಅದಕ್ಕೇ ನೀರುಹಲಸಿನ ಪೋಡಿ ಅಂದೆ. ನಾಳೆ ಹತ್ತಿದ್ರೆ ಬೇರೆ ಹೇಳ್ತಿದ್ದೆ" ಎಂದಿದ್ದಳು.

ಸೋಮವಾರ ಇಸವಾಣ ಕೊಟ್ಟವಳು ಮಾದೇವಿ ಅಲ್ಲ.

ಲತಾ ಉಳಿದ ಬಂಗಡೆಗಳನ್ನೂ ಸೀಳಿ ತೊಳೆದು, ಕೈಗೆ ಹುಣಸೆ ಹಚ್ಚಿ ತಿಕ್ಕಿಕೊಂಡಳು. ಅವಸರ ಮಾಡಲು ಅವಳ ಮಂಡಿಗಳು ಒಪ್ಪುತ್ತಿರಲಿಲ್ಲ.

ಠಾಣೆಯಲ್ಲಿ ಪಿಎಸ್‌ಐ ಸೂರಜ್ ಅವಳ ಮಾತನ್ನು ಪೂರ್ತಿ ಕೇಳಿದ. ಘಟ್ಟದ ಮೇಲಿನ ಹುಡುಗ, ಕೆಟ್ಟವನಲ್ಲ. ಮಾದೇವಿಯ ಫೋನಿನ ಜಾಡು ಕೇಳಿ ಕಳಿಸಿದ ಕಾಗದಕ್ಕೆ ಇನ್ನೂ ಉತ್ತರವಿರಲಿಲ್ಲ. ಅಪರಾಧ ನಡೆದಿದೆ ಎಂದು ತೋರಿಸಲು ಏನೂ ಇರಲಿಲ್ಲ. ನಾಳೆ ಫೈಲು ಮುಗಿಸೋಣ ಅಂದುಕೊಂಡಿದ್ದೆ ಎಂದ. ಪಾರ್ಕಿಗೆ ಹೋದವರು ವಾರ ನೋಡುತ್ತಾರಾ ಮೇಡಂ ಎಂದು ನಕ್ಕ.

ಆಮೇಲೆ ಅವಳು ಬೇಡ ಎನ್ನುವ ಮೊದಲೇ ದತ್ತಾನಿಗೆ ಫೋನು ಹಚ್ಚಿ, ಮೇಜಿನ ಮೇಲಿಟ್ಟು, ಎಲ್ಲರಿಗೂ ಕೇಳುವಂತೆ ಮಾಡಿದ. ನಮ್ಮ ಲತಾ ಮೇಡಂಗೆ ಒಂದು ಅನುಮಾನ ಬಂದಿದೆ ಎಂದು ಶುರುಮಾಡಿ ಸೋಮವಾರದ ವಿಷಯ ಪೂರ್ತಿ ಬಿಡಿಸಿ ಹೇಳಿದ.

ಆ ಕಡೆಯಿಂದ ದತ್ತಾನ ದೊಡ್ಡ ನಗು ಬಂತು.

"ಸಾಯಬ್ರೆ, ಪರ ಊರಿಗೆ ಹೋದ್ರೆ ವಾರ ಎಂತದು, ನೇಮ ಎಂತದು. ದೇವ್ರೂ ಬಿಡ್ತ."

ನೋಡಿದಿರಾ ಎಂಬಂತೆ ಸೂರಜ್ ಅವಳತ್ತ ನೋಡಿದ. ಅಷ್ಟರಲ್ಲಿ ಬಾಳೆಗುಳಿ ಕ್ರಾಸಿನಲ್ಲಿ ಲಾರಿ ಮಗುಚಿದೆ ಎಂದು ಸುದ್ದಿ ಬಂತು. ಅವನು ಟೋಪಿ ತೆಗೆದುಕೊಂಡು ಜೀಪು ಹತ್ತಿದ.

ಕುರ್ಚಿಯಲ್ಲಿ ಕೂತ ಲತಾಗೆ ಒಂದೇ ಯೋಚನೆ. ತನಗೆ ಏನು ಗೊತ್ತಾಗಿದೆ ಎಂಬುದು ಈಗ ದತ್ತಾನಿಗೂ ಗೊತ್ತಾಯಿತು. ಮಾದೇವಿ ಎಲ್ಲೋ ಬದುಕಿದ್ದರೆ, ಅವಳ ಪಾಲಿಗೆ ಉಳಿದ ಸಮಯ ಈ ಫೋನಿನಿಂದ ಇನ್ನಷ್ಟು ಕಡಿಮೆಯಾಯಿತು.

ಎಸ್ಪಿ ಕಚೇರಿಗೆ ತಲುಪಿಸಬೇಕಿದ್ದ ಲಕೋಟೆಯನ್ನು ತಾನೇ ಒಯ್ಯುತ್ತೇನೆಂದು ಹೇಳಿ ಅವಳು ಕಾರವಾರದ ಬಸ್ಸು ಹತ್ತಿದಳು. ಅವರ್ಸಾ ದಾಟುವಾಗ ತೂಕಡಿಕೆ ಬಂತು. ಬಿಣಗಾದ ಏರಿನಲ್ಲಿ ಎಚ್ಚರವಾದಾಗ ಬಸ್ಸಿನಲ್ಲಿ ಬಿಸಿಲು ತುಂಬಿತ್ತು.

ಪ್ರಗತಿ ಕೋರ್ಟಿನ ಹತ್ತಿರ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಖಾಕಿ ಕಂಡೊಡನೆ ಅವಳ ಮುಖ ಇಳಿಯಿತು. ಊಟದ ಹೊತ್ತಾಗಿತ್ತು. ಇಬ್ಬರೂ ಕಡಲ ದಂಡೆಗೆ ಹೋಗಿ ಗಾಳಿಮರದ ಕೆಳಗಿನ ಕಟ್ಟೆಯ ಮೇಲೆ ಕೂತರು. ಹುಡುಗಿ ಡಬ್ಬಿ ತೆರೆಯಲಿಲ್ಲ.

ಅತ್ತೆಯ ಫೋನು ಯಾರ ಹತ್ತಿರ ಇದೆ ಎಂದು ಲತಾ ಕೇಳಿದಳು. ಅತ್ತೆಯ ಹತ್ತಿರವೇ ಎಂದಳು ಪ್ರಗತಿ. ಕೊನೆಯದಾಗಿ ಯಾವಾಗ ಮಾತಾಡಿದೆ ಎಂದರೆ, ಅವರು ತಿರುಗಾಟದಲ್ಲಿರುವಾಗ ಮಾತಾಡುವುದಿಲ್ಲ ಎಂದಳು. ಹೈದರಾಬಾದಿನಲ್ಲಿ ಎಲ್ಲಿ ಉಳಿದಿದ್ದಾರೆ ಎಂದರೆ ಗೊತ್ತಿಲ್ಲ. ಉತ್ತರಗಳೆಲ್ಲ ಬಾಯಿಪಾಠ ಮಾಡಿದಂತೆ ಬರುತ್ತಿದ್ದವು.

ಲತಾಗೆ ಗದರಿಸುವ ಶಕ್ತಿ ಇರಲಿಲ್ಲ. ಮಾತು ತಾನಾಗಿಯೇ ಸಣ್ಣ ದನಿಯಲ್ಲಿ ಬಂತು.

"ನಿನ್ನೆ ಸೋಮವಾರ ಆಗಿತ್ತಲ್ಲ, ಪ್ರಗತಿ."

ಹುಡುಗಿ ತಟ್ಟನೆ ತಿರುಗಿದಳು. ಅವಳ ಮುಖದಲ್ಲಿ ಹೆದರಿಕೆಯಷ್ಟೇ ಬಂದಿದ್ದರೆ ಲತಾಗೆ ಆಶ್ಚರ್ಯ ಆಗುತ್ತಿರಲಿಲ್ಲ. ಹೆದರಿಕೆಯ ಹಿಂದೆಯೇ ಇನ್ನೊಂದು ಬಂತು, ಭಾರ ಇಳಿಸಿದವರ ಮುಖದಲ್ಲಿ ಕಾಣುವಂಥದ್ದು.

"ನೀವು ನೋಡಿದ್ರಾ?"

"ನೋಡಿದೆ."

"ಬೇಕಂತಲೇ ಬರ್ದೆ ಅಕ್ಕೋರೆ. ಯಾರಾದ್ರೂ ಕೇಳ್ತರು ಅಂತ ನಿನ್ನೆಯಿಂದ ಕಾಯ್ತಾ ಇದ್ದೆ. ಎಷ್ಟೋ ಜನ ಹಾರ್ಟು ಒತ್ತಿದ್ರು. ಒಬ್ಬರೂ ಕೇಳಲಿಲ್ಲ." ಅವಳು ಓಡನಿಯ ತುದಿಯಿಂದ ಮೂಗು ಒರೆಸಿಕೊಂಡಳು. "ಅಪ್ಪನ ಮೇಲೆ ನಾನಾಗಿ ಹೇಳುಕೆ ಬಾಯಿ ಬರೂದಿಲ್ಲ. ಸೋಮವಾರದ್ದು ಕೇಳಿದ್ರೆ ಮತ್ತೆ ಸುಳ್ಳು ಹೇಳುಕೂ ಬರೂದಿಲ್ಲ."

ಆಮೇಲೆ ನಿಧಾನವಾಗಿ ಎಲ್ಲ ಹೊರಬಂತು. ಅತ್ತೆ ಕೊನೆಯ ಸಲ ಹೋಗಿದ್ದು ರತ್ನಾಗಿರಿಯ ಆಚೆ, ಕಡಲ ದಂಡೆಯಲ್ಲಿ ಹೊಸದಾಗಿ ತೆರೆದ ಒಂದು ಪಾರ್ಕಿಗೆ. ಮರುದಿನ ಸಂಜೆ ಮನೆಗೆ ಬಂದವಳು ಚಹಾ ಕೂಡ ಕುಡಿಯದೆ ಅಣ್ಣನನ್ನು ಕರೆದುಕೊಂಡು ಹಿತ್ತಲಿಗೆ ಹೋದಳು. ಮಾತು ಜೋರಾಯಿತು. ಬೆಳಿಗ್ಗೆ ಪ್ರಗತಿ ಎದ್ದಾಗ ಅತ್ತೆ ಇರಲಿಲ್ಲ. ಹಾವುಗಾಡಿ ಹತ್ತುವಾಗ ಮಾತ್ರ ಹಾಕುವ, ಬಿಗಿಯಾಗಿ ಲೇಸು ಕಟ್ಟುವ ಬೂಟುಗಳು ಬಾಗಿಲ ಹಿಂದೆಯೇ ಇದ್ದವು. ಅಪ್ಪ ಅತ್ತೆಯ ಫೋನನ್ನು ಅವಳ ಕೈಗೆ ಕೊಟ್ಟು, ಆಗಾಗ ಹಳೇ ಫೋಟೋ ಏನಾದರೂ ಹಾಕುತ್ತಿರು, ಜನ ಕೇಳಬಾರದು ಎಂದ. ಅತ್ತೆ ಎಲ್ಲಿ ಎಂದಾಗ, ದೇವರ ಗೂಡಿನ ಮುಂದೆ ನಿಂತು, ಚೆನ್ನಾಗಿದ್ದಾಳೆ, ಅವಳ ಒಳ್ಳೆಯದಕ್ಕೇ ದೂರ ಇಟ್ಟಿದ್ದೇನೆ ಎಂದು ಆಣೆ ಮಾಡಿದ.

ಹಿತ್ತಲಿನಲ್ಲಿ ಯಾವ ಮಾತು ಜೋರಾಯಿತು ಎಂದು ಲತಾ ಕೇಳಿದಳು.

ಪ್ರಗತಿ ಚೀಲದೊಳಗಿಂದ ತನ್ನ ಮೊಬೈಲು ತೆಗೆದು, ಅತ್ತೆ ಅಂದು ಪಾರ್ಕಿನಿಂದ ಕಳಿಸಿದ ವಿಡಿಯೋ ಹಚ್ಚಿ ಕೊಟ್ಟಳು. ಇದನ್ನು ತಾನು ಎಲ್ಲೂ ಹಾಕಿಲ್ಲ ಎಂದಳು.

ಗಾಡಿ ಕಟಕಟ ಸದ್ದು ಮಾಡುತ್ತ ಏರುತ್ತಿತ್ತು. ಎಂದಿನಂತೆ ಮಾದೇವಿಯ ಮಾತು: "ಬಂತು, ಬಂತು..." ತುದಿ ಮುಟ್ಟಿ ಗಾಡಿ ಒಂದು ಕ್ಷಣ ನಿಂತಿತು. ಒಮ್ಮೆಗೇ ಕಡಲು ತೆರೆದುಕೊಂಡಿತು. ಕೆಳಗೆ ಐಸ್ ಫ್ಯಾಕ್ಟರಿಯ ಎತ್ತರದ ಗೋಡೆ, ಗೋಡೆಯ ಆಚೆ ಸಣ್ಣ ಬಂದರು, ಒತ್ತಿ ನಿಂತ ಬೋಟುಗಳು.

ಅಲ್ಲಿಂದ ಗಾಡಿ ಕೆಳಕ್ಕೆ ಧುಮುಕಿತು. ಸುತ್ತಲಿನವರೆಲ್ಲ ಕಿರುಚಿದರು. ಮಾದೇವಿ ಕಿರುಚಲಿಲ್ಲ.

ಲತಾ ಕಾದಳು. ತಿರುವು ಬಂತು, ತಲೆಕೆಳಗಾಯಿತು, ಮತ್ತೆ ಇಳಿಯಿತು. ಇಷ್ಟು ವಿಡಿಯೋಗಳಲ್ಲಿ ಒಮ್ಮೆಯೂ ಬಾಯಿ ಮುಚ್ಚದವಳು ಇದರಲ್ಲಿ ಉಸಿರನ್ನೂ ಹಿಡಿದಿದ್ದಳು. ಗಾಡಿ ನಿಂತ ಮೇಲೆ ಮೀನಿನ ಹೆಸರು ಬರಲಿಲ್ಲ.

"ಪ್ರಗತೀ, ಇದನ್ನ ಹಾಕಬೇಡ."

ಅಷ್ಟಕ್ಕೇ ವಿಡಿಯೋ ಮುಗಿಯಿತು.

ಅವಳು ಏನು ಕಂಡಳು ಎಂದು ಲತಾ ಕೇಳಿದಳು. ಪ್ರಗತಿ ವಿಡಿಯೋವನ್ನು ಹಿಂದಕ್ಕೆ ಎಳೆದು, ತುದಿಯಲ್ಲಿ ನಿಲ್ಲಿಸಿ, ಬೆರಳುಗಳಿಂದ ಹಿಗ್ಗಿಸಿದಳು. ಬೋಟುಗಳ ಸಾಲಿನಲ್ಲಿ ಒಂದರ ಮೈಯೆಲ್ಲ ಹೊಸ ನೀಲಿ ಬಣ್ಣ. ಮೂತಿಯ ಮೇಲೆ ಬೇರೆ ಹೆಸರು. ಆದರೆ ಕ್ಯಾಬಿನ್ನಿನ ಮೇಲಿನ ಮಾಡು ಅರ್ಧ ಗುಲಾಬಿ, ಅರ್ಧ ಹಸಿರು.

"ನಾನೂ ಅತ್ತೆಯೂ ಬಳಿದದ್ದು. ಮಾಡು ಸೋರ್ತಿತ್ತು. ಪಡಸಾಲೆಗೆ ತಂದ ಗುಲಾಬಿ ಸಾಲಲಿಲ್ಲ, ಅಡುಗೆಮನೆಯ ಹಸಿರು ಹಚ್ಚಿದ್ವಿ. ಇದು ನಮ್ಮ ಬೋಟು ಅಕ್ಕೋರೆ."

ಲತಾ ಮೊಬೈಲನ್ನು ಮಡಿಲಲ್ಲಿ ಇಟ್ಟುಕೊಂಡಳು. ದತ್ತಾನ ಬೋಟು ಹೋದ ವರ್ಷ ಮಂಜಗುಣಿಯ ಅಳಿವೆಯ ಹೊರಗೆ ಮುಳುಗಿತ್ತು. ದತ್ತಾ ಈಜಿ ದಡ ಸೇರಿದ್ದ. ಜೊತೆಗಿದ್ದ ಜಟ್ಟು ಸಿಗಲಿಲ್ಲ. ಹೆಣವೂ ಬರಲಿಲ್ಲ. ವಿಮೆಯ ಕಾಗದಕ್ಕೆ ಠಾಣೆಯಿಂದಲೇ ಸಹಿ ಹೋಗಿತ್ತು. ಆ ಜಟ್ಟುವಿನ ಹೆಂಡತಿಯೇ ಗಂಗೂ. ಬಳೆ ತೆಗೆದು ಬುಟ್ಟಿ ಹಿಡಿದ ಅವಳಿಗೆ ಪೇಟೆಯಲ್ಲಿ ತನ್ನ ಪಕ್ಕ ಜಾಗ ಬಿಡಿಸಿ ಕೊಟ್ಟವಳು ಮಾದೇವಿ.

ಮುಳುಗಿತೆಂದು ವಿಮೆಯ ಹಣ ಪಡೆದು ಬೋಟನ್ನು ಗುಟ್ಟಾಗಿ ಮಾರಿದವನು ಮೈಗೆ ಬಣ್ಣ ಬಳಿದಿದ್ದ. ಹೆಸರು ಅಳಿಸಿದ್ದ. ದಡದಿಂದ ನೋಡಿದರೆ, ಬೇರೆ ಬೋಟಿನಿಂದ ನೋಡಿದರೆ ಯಾರಿಗೂ ಗುರುತು ಸಿಗಬಾರದು, ಅಷ್ಟು ಅಚ್ಚುಕಟ್ಟು. ಮಾಡಿನ ನೆನಪು ಅವನಿಗೆ ಬಂದಿರಲಿಕ್ಕಿಲ್ಲ. ಹುಟ್ಟಿದಂದಿನಿಂದ ಬೋಟುಗಳ ನಡುವೆ ಬೆಳೆದವರು ಯಾರೂ ಬೋಟನ್ನು ಮೇಲಿಂದ ನೋಡಿರುವುದಿಲ್ಲ. ಮೇಲಿಂದ ನೋಡುವುದು ಕಾಗೆ, ಹದ್ದು. ಮತ್ತೆ ಮಾದೇವಿ.

ಲತಾ ಚಿತ್ರವನ್ನು ಇನ್ನೂ ಸ್ವಲ್ಪ ಹಿಗ್ಗಿಸಿದಳು. ಗುಲಾಬಿ ಮಾಡಿನ ಪಕ್ಕ, ಹಲಗೆಯ ಮೇಲೆ ಒಬ್ಬ ಕೂತಿದ್ದ. ಕಾಲ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ರಿಪೇರಿ ಮಾಡುತ್ತಿದ್ದವನು ಗಾಡಿಯ ಸದ್ದಿಗೆ ತಲೆಯೆತ್ತಿ ನೋಡಿದ್ದ. ಮುಖ ಚುಕ್ಕೆಚುಕ್ಕೆಯಾಗಿ ಒಡೆದುಹೋಗಿತ್ತು. ಯಾರು ಬೇಕಾದರೂ ಆಗಬಹುದಿತ್ತು. ಬಲೆ ಹೆಣೆಯುವ ಸೂಜಿ ಎಡಗೈಯಲ್ಲಿತ್ತು.

ಜಟ್ಟುವನ್ನು ಹುಡುಕುವಾಗ ಗಂಗೂ ಅಳಿವೆಯ ಮರಳಲ್ಲಿ ನಿಂತು, ಯಾವುದಾದರೂ ಹೆಣ ಬಂದರೆ ಎಡಗೈ ಬೆರಳು ನೋಡಿ, ಸೂಜಿ ಹಿಡಿದು ಗಂಟು ಕಟ್ಟಿದೆ ಎಂದು ಪೊಲೀಸರಿಗೆಲ್ಲ ಹೇಳುತ್ತಿದ್ದಳು.

ಎಡಗೈಯವರು ಲೋಕದಲ್ಲಿ ಅವನೊಬ್ಬನೇ ಅಲ್ಲ ಎಂದು ಲತಾ ತನಗೆ ತಾನೇ ಹೇಳಿಕೊಂಡಳು.

ಅತ್ತೆ ಬದುಕಿದ್ದಾಳೆ ಎಂದು ನಿನಗೆ ಹೇಗೆ ಗೊತ್ತು, ಅಪ್ಪನ ಆಣೆ ಬಿಟ್ಟು ಬೇರೇನಾದರೂ ಇದೆಯಾ ಎಂದು ಅವಳು ಪ್ರಗತಿಯನ್ನು ಕೇಳಿದಳು.

"ಗುಳಿಗೆ" ಎಂದಳು ಪ್ರಗತಿ. "ಅತ್ತೆಗೆ ಬಿಪಿ. ಅಪ್ಪ ವಾರಕ್ಕೊಂದು ಸಲ ಮೀನಿನ ಲಾರಿಯಲ್ಲಿ ರತ್ನಾಗಿರಿ ಕಡೆ ಹೋಗ್ತರು. ಹೋಗುವಾಗ ನನ್ನ ಹತ್ರ ಅತ್ತೆಯ ಗುಳಿಗೆ ತರಿಸ್ತಿದ್ರು. ಸತ್ತವರಿಗೆ ಯಾರು ಗುಳಿಗೆ ಒಯ್ತರು, ಹೇಳಿ. ಅದನ್ನೇ ನಂಬಿ ಸುಮ್ಮನಿದ್ದೆ."

ಅವಳು ಕೈಬೆರಳುಗಳನ್ನು ಒಂದಕ್ಕೊಂದು ಹೆಣೆದುಕೊಂಡಳು.

"ಈ ವಾರ ಲಾರಿ ಹೋಗೂದು ನಾಡಿದ್ದು. ಯಾವಾಗಲೂ ಮೊದಲೇ ಹೇಳಿಡೋರು. ಈ ಸಲ ನಾನೇ ಕೇಳಿದೆ, ಗುಳಿಗೆ ತರ್ಬೇಕಾ ಅಂತ. ಬೇಡ ಅಂದ್ರು. ಅದಕ್ಕೇ ನಿನ್ನೆ ಇಸವಾಣ ಬರ್ದೆ."

ಲತಾ ವಿಡಿಯೋವನ್ನು ತನ್ನ ಫೋನಿಗೆ ಹಾಕಿಸಿಕೊಂಡಳು. ಮನೆಗೆ ಹೋಗಿ ಎಂದಿನಂತೆಯೇ ಇರು, ಅಪ್ಪ ಸೋಮವಾರದ ವಿಷಯ ಎತ್ತಿದರೆ ವಾರ ಮರೆತುಹೋಗಿತ್ತು ಎನ್ನು ಎಂದಳು. ಗುಳಿಗೆಯ ಹೆಸರು ಕೇಳಿದಳು. ಹುಡುಗಿ ಎದ್ದು ನಿಂತು, ಅಪ್ಪನನ್ನು ಏನು ಮಾಡುತ್ತಾರೆ ಎಂದು ಕೇಳಿದಳು. ಲತಾ ಅವಳ ಬೆನ್ನ ಮೇಲೆ ಒಮ್ಮೆ ಕೈಯಾಡಿಸಿ, ಮೊದಲು ಊಟ ಮಾಡು ಎಂದಳು.

ಅಂಕೋಲೆಗೆ ಬರುವಾಗ ಬಸ್ಸಿನಲ್ಲಿ ಅವಳು ತೂಕಡಿಸಲಿಲ್ಲ. ಸೂರಜ್‌ಗೆ ವಿಡಿಯೋ ತೋರಿಸಿದರೆ ಅವನು ಏನು ಮಾಡುತ್ತಾನೆಂದು ಬೆಳಿಗ್ಗೆಯೇ ಕಂಡಿದ್ದಳು. ತೋರಿಸಿದ ಮರುಗಳಿಗೆಗೆ ಫೋನು ದತ್ತಾನಿಗೆ ಹೋಗುತ್ತದೆ. ದತ್ತಾನ ಫೋನು ಆ ಬಂದರಿಗೆ ಹೋಗುತ್ತದೆ. ಕತ್ತಲಾಗುವುದರೊಳಗೆ ನೀಲಿ ಬೋಟು ಬೇರೆ ಬಂದರಿನಲ್ಲಿ ಇರುತ್ತದೆ, ಅದರ ಜೊತೆ ಮಾದೇವಿಯೂ. ಇಲ್ಲವೇ ಬೋಟು ಮಾತ್ರ.

ಬೇರೆ ರಾಜ್ಯದ ಪೊಲೀಸರಿಗೆ ಬರೆದು ಕೇಳಬಹುದು. ಬರೆದ ಕಾಗದ ಹೋಗಿ ಮುಟ್ಟುವ ರೀತಿ ಅವಳಿಗೆ ಗೊತ್ತಿತ್ತು. ತಾನೇ ಖಾಕಿ ತೊಟ್ಟು ಆ ಗೋಡೆಯ ಬಾಗಿಲಿಗೆ ಹೋದರೆ, ಒಳಗೆ ಕಾಲಿಡುವ ಮೊದಲೇ ಬಂದರಿಗೆಲ್ಲ ಸುದ್ದಿ.

ಪೇಟೆಯಲ್ಲಿ ಸಂಜೆಯ ವ್ಯಾಪಾರ ಇಳಿದಿತ್ತು. ಗಂಗೂ ಉಳಿದ ಮೀನಿಗೆ ಐಸು ಹರಡುತ್ತಿದ್ದಳು. ಪಕ್ಕದಲ್ಲಿ ಮಾದೇವಿ ಕೂರುವ ಜಾಗಕ್ಕೆ ಬೇರೆ ಯಾರೂ ಬರದಂತೆ ಒಂದು ಒದ್ದೆ ಗೋಣಿ ಹಾಸಿಟ್ಟಿದ್ದಳು. ಅದಕ್ಕಾಗಿ ಬೆಳಿಗ್ಗೆ ಯಾರೊಂದಿಗೋ ಜಗಳವೂ ಆಗಿತ್ತಂತೆ. ಅದನ್ನೆಲ್ಲ ಹೇಳಿ ಮುಗಿಸಿ, ಮಾದೇವಕ್ಕನ ಸುದ್ದಿ ಏನಾದರೂ ತಿಳಿಯಿತಾ ಎಂದು ಕೇಳಿದಳು.

ಲತಾ ಅವಳ ಬರಿ ಕೈಗಳನ್ನು ನೋಡಿದಳು. ಹೇಳಿದರೆ ಏನು ಹೇಳುವುದು? ಆ ಬೋಟಿನ ಮೇಲೆ ಕೂತವನು ಬೇರೆ ಯಾರೋ ಆದರೆ ಇವಳು ಎರಡನೇ ಸಲ ಬಳೆ ತೆಗೆಯಬೇಕು. ಅವನೇ ಆದರೆ, ತಾನು ಸತ್ತೆನೆಂದು ಹೆಂಡತಿ ಕಡಲಿಗೆ ಹಾಲು ಬಿಡುವುದನ್ನು ಎಲ್ಲೋ ಕೂತು ಕೇಳಿಕೊಂಡು ಸುಮ್ಮನಿದ್ದವನ ಜೊತೆ ಬಾಳಬೇಕು.

"ಇಲ್ಲ ಗಂಗೂ. ಇನ್ನೂ ಇಲ್ಲ."

ಗಂಗೂ ತಲೆಯಾಡಿಸಿ, ಗೋಣಿಗೆ ಇನ್ನಷ್ಟು ನೀರು ಚಿಮುಕಿಸಿದಳು.

ಮಂಗೇಶ ಫೋನು ಮಾಡಿ ಯಾಕೆ ತಡ ಎಂದ. ಬಂದೆ ಎಂದಳು. ನಾಳೆ ಒಂದು ದಿನ ರಜೆ ಬೇಕು, ಮಂಡಿನೋವು ಎಂದು ಸೂರಜ್‌ಗೆ ಸಂದೇಶ ಕಳಿಸಿದಳು. ಪಾಪ, ಅವನು ಕೂಡಲೇ ಆಗಲಿ ಎಂದು ಉತ್ತರ ಕೊಟ್ಟ, ವಿಶ್ರಾಂತಿ ತಗೊಳ್ಳಿ ಎಂದೂ ಸೇರಿಸಿದ.

ಬೆಳಗಿನ ರೈಲು ಉತ್ತರಕ್ಕಿತ್ತು. ಆ ಗೋಡೆಯ ಆಚೆಗೆ, ಹಾವುಗಾಡಿಯ ತುದಿ ಬಿಟ್ಟರೆ, ಬೇರೆ ಎಲ್ಲಿಂದಲೂ ಕಾಣುವುದಿಲ್ಲ. ಟಿಕೆಟ್ಟು ತೆಗೆದು ಮಕ್ಕಳ ನಡುವೆ ಸಾಲಿನಲ್ಲಿ ನಿಂತ ನಡುವಯಸ್ಸಿನ ಹೆಂಗಸನ್ನು ಯಾರೂ ತಿರುಗಿ ನೋಡುವುದಿಲ್ಲ. ಮನೆಯ ಅಟ್ಟ ಹತ್ತಿದರೂ ಲತಾಗೆ ತಲೆ ಸುತ್ತುತ್ತಿತ್ತು. ತುದಿಯಲ್ಲಿ ಗಾಡಿ ನಿಲ್ಲುವುದು ಒಂದೇ ಒಂದು ಕ್ಷಣ. ಅಷ್ಟು ಹೊತ್ತು ಕಣ್ಣು ಮುಚ್ಚದಿದ್ದರೆ ಸಾಕು. ಒಮ್ಮೆಗೆ ಆಗದಿದ್ದರೆ ಮತ್ತೆ ಸಾಲಿನಲ್ಲಿ ನಿಲ್ಲುವುದು.

ಬಸ್‌ಸ್ಟ್ಯಾಂಡಿನ ಎದುರಿನ ಮೆಡಿಕಲ್ ಅಂಗಡಿಯಲ್ಲಿ ಅವಳು ಪ್ರಗತಿ ಹೇಳಿದ ಗುಳಿಗೆಯ ಹೆಸರು ಹೇಳಿದಳು. ಪರಿಚಯದ ಅಂಗಡಿಯವ ಪಟ್ಟಿ ಕತ್ತರಿಸುತ್ತ, ನಿಮ್ಮ ಮನೆಯಲ್ಲಿ ಯಾರಿಗೆ ಬಿಪಿ ಶುರುವಾಯಿತು ಎಂದು ಕೇಳಿದ.

"ನನಗೇ" ಎಂದು ಲತಾ ಗುಳಿಗೆಯನ್ನು ಪರ್ಸಿನೊಳಗೆ ಇಟ್ಟುಕೊಂಡಳು.